ಶನಿವಾರ ಬೆಳಿಗ್ಗೆ ನಾನೇ ಜೂನಿಯರ್

ಶುಕ್ರವಾರ ರಾತ್ರಿ ಹನ್ನೊಂದೂವರೆಗೆ ಪ್ರೊಡಕ್ಷನ್‌ನಲ್ಲಿ (ಅಂದರೆ ಗ್ರಾಹಕರು ಬಳಸುತ್ತಿರುವ ಸಾಫ್ಟ್‌ವೇರ್‌ನಲ್ಲೇ) ಏನೋ ಕೈಕೊಟ್ಟಿತು. ಕೋಡ್ ಬರೆದವರು ಯಾರೋ, ಸರ್ವರ್ ಇನ್ಯಾವುದೋ ಟೀಮಿನದು, ಆದರೆ ಆ ವಾರದ ಆನ್‌ಕಾಲ್ ಮಾತ್ರ ನನ್ನದು, ಯಾವ ಹೊತ್ತಿಗೆ ಕೆಟ್ಟರೂ ಎದ್ದು ನೋಡುವ ಸರದಿ. ಹದಿನಾಲ್ಕು ಜನ ಮ್ಯೂಟ್ ಹಾಕಿಕೊಂಡು ನೋಡುತ್ತಿದ್ದ ಕಾಲ್‌ನಲ್ಲಿ ಎರಡು ಗಂಟೆ ಒದ್ದಾಡಿ, ಕೊನೆಗೆ ಹಿಂದಿನ ವರ್ಷನ್‌ಗೆ ರೋಲ್‌ಬ್ಯಾಕ್ ಮಾಡಿ ಮಲಗಿದೆ. ಯಾಕೆ ಹಾಗಾಯಿತು ಅಂತ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಕೆಲಸ ಬರೆದಿಡುವ ಟಿಕೆಟ್ ಕ್ಲೋಸ್ ಆಗಿದೆ, ಅಷ್ಟೇ.

ಮರುದಿನ ಏಳೂವರೆಗೆ ಮೃದಂಗದ ಕ್ಲಾಸು. ವಿಜಯನಗರದ ಒಂದು ಮನೆಯ ಮಹಡಿ, ನೆಲದ ಮೇಲೆ ಚಾಪೆ, ಐದಾರು ಮೃದಂಗ. ನನಗೆ ನಲವತ್ತೊಂದು, ಪಕ್ಕದಲ್ಲಿ ಕೂರುವ ಹುಡುಗಿಗೆ ಎಂಟು. ಅವಳು ನನಗಿಂತ ಒಂದು ವರ್ಷ ಸೀನಿಯರ್. "ಅಂಕಲ್, ನಿಮ್ಮ ನಂ ಡಬ್ ಅಂತಿದೆ" ಅಂದಳು ಅವತ್ತು. ನಂ ಅಂದರೆ ಮೃದಂಗದ ಒಂದು ಪೆಟ್ಟು. ನಿಜ, ಡಬ್ ಅಂತಲೇ ಇತ್ತು. ಮೇಷ್ಟ್ರು ನಕ್ಕು ನನ್ನ ಬೆರಳು ಹಿಡಿದು ಸರಿ ಮಾಡಿದರು. ಒಂದು ಗಂಟೆ ಪೂರ್ತಿ ಬರೀ ತ ದಿ ತೊಂ ನಂ. ಹಿಂದಿನ ರಾತ್ರಿಯ ಕಾಲ್ ಮತ್ತೆ ನೆನಪಾಗಿದ್ದು ಕೆಳಗಿಳಿದು ಬೈಕ್ ಸ್ಟಾರ್ಟ್ ಮಾಡಿದ ಮೇಲೆ.

ಒಂದು ಕಡೆ ಹದಿನೇಳು ವರ್ಷದ ಅನುಭವ, ಕೈತುಂಬಾ ಸಂಬಳ. ಇನ್ನೊಂದು ಕಡೆ ನಾನೇ ಫೀಸು ಕಟ್ಟಿ, ಎಂಟು ವರ್ಷದ ಮಗುವಿನಿಂದ ತಪ್ಪು ಹೇಳಿಸಿಕೊಳ್ಳೋದು. ಆದರೂ ಮನಸ್ಸಿಗೆ ತೃಪ್ತಿ ಅಂತ ಅನ್ನಿಸೋದು ಎರಡನೇ ಕಡೆ. ಏನಿದು ಅಂತ ತಲೆ ಕೆಡಿಸಿಕೊಂಡು ಓದುತ್ತಾ ಹೋದೆ. ಈ ಪ್ರಶ್ನೆ ನನಗೆ ಮಾತ್ರ ಬಂದದ್ದಲ್ಲ, ಅರವತ್ತು ವರ್ಷಕ್ಕಿಂತ ಹಳೇದು.

ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಅವರ ಜೊತೆಗಾರರು ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಇಂಜಿನಿಯರ್ ಮತ್ತು ಅಕೌಂಟೆಂಟ್‌ಗಳನ್ನು ಮಾತಾಡಿಸಿದರು. ಕೆಲಸದಲ್ಲಿ ನಿಮಗೆ ತುಂಬಾ ಖುಷಿಯಾದ ಸಂದರ್ಭ ಹೇಳಿ, ತುಂಬಾ ಬೇಸರವಾದ ಸಂದರ್ಭ ಹೇಳಿ, ಅಂತ ಕೇಳಿದರು. 1959ರಲ್ಲಿ ಇದು ಪ್ರಕಟವಾಯಿತು. ಬೇಸರದ ಕಥೆಗಳಲ್ಲಿ ಇದ್ದದ್ದು ಕಂಪನಿ ನಿಯಮ, ಮೇಲಿನವರ ಕಾಟ, ಸಂಬಳದ ತಕರಾರು. ಖುಷಿಯ ಕಥೆಗಳಲ್ಲಿ ಇದ್ದದ್ದು ಬೇರೆಯೇ: ಏನನ್ನೋ ಸಾಧಿಸಿದ್ದು, ಅದನ್ನು ಯಾರೋ ಗುರುತಿಸಿದ್ದು, ಕೆಲಸವೇ ಸ್ವಾರಸ್ಯವಾಗಿದ್ದದ್ದು. ಅಂದರೆ ಸಂಬಳ ಕಡಿಮೆಯಾದರೆ ಸಿಟ್ಟು ಬರುತ್ತೆ. ಜಾಸ್ತಿಯಾದರೆ ಸಿಟ್ಟು ಹೋಗುತ್ತೆ. ಸಿಟ್ಟು ಹೋದ ಮಾತ್ರಕ್ಕೆ ತೃಪ್ತಿ ಬಂತು ಅಂತಲ್ಲ, ಅಷ್ಟು ಹೊತ್ತಿಗೆ ನಾವು ಸೊನ್ನೆಗೆ ಬಂದು ನಿಂತಿರುತ್ತೇವೆ. ಒಳ್ಳೇದಾದರೆ ನನ್ನಿಂದ, ಕೆಟ್ಟದ್ದಾದರೆ ಕಂಪನಿಯಿಂದ ಅನ್ನೋದು ಮನುಷ್ಯರ ಬುದ್ಧಿಯೇ ಆದ್ದರಿಂದ ಈ ಉತ್ತರಗಳನ್ನು ಪೂರ್ತಿ ನಂಬಬಾರದು ಅಂತ ಆಮೇಲೆ ಬಂದವರು ತಕರಾರು ಎತ್ತಿದರು. ತಕರಾರು ಸರಿಯೇ. ಆದರೂ ಅಪ್ರೈಸಲ್ ಮುಗಿದು ಹೈಕ್ ಲೆಟರ್ ಬಂದ ಖುಷಿ ಎಷ್ಟು ದಿನ ಇರುತ್ತೆ ಅಂತ ಐಟಿಯಲ್ಲಿರೋರಿಗೆ ಬಿಡಿಸಿ ಹೇಳಬೇಕಿಲ್ಲ. ಪಕ್ಕದ ಡೆಸ್ಕಿನವನಿಗೆ ಎಷ್ಟು ಬಂತು ಅಂತ ಗೊತ್ತಾಗುವವರೆಗೆ.

ನನಗೆ ಇನ್ನೂ ಚೆನ್ನಾಗಿ ತಾಗಿದ್ದು ಎಪ್ಪತ್ತರ ದಶಕದಲ್ಲಿ ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ ಅನ್ನುವ ಇಬ್ಬರು ಸಂಶೋಧಕರು ಹೇಳಿದ ಮಾತು. ಕೆಲಸ ಅರ್ಥಪೂರ್ಣ ಅನ್ನಿಸಬೇಕಾದರೆ ಅದರಲ್ಲಿ ಐದು ಗುಣ ಇರಬೇಕು ಅಂತಾರೆ ಅವರು. ಬೇರೆಬೇರೆ ಕೌಶಲ ಬಳಸುವ ಅವಕಾಶ, ಒಂದು ಕೆಲಸವನ್ನು ಶುರುವಿಂದ ಕೊನೆತನಕ ತಾನೇ ಮಾಡುವುದು, ಅದರಿಂದ ಯಾರಿಗಾದರೂ ಉಪಯೋಗವಾಗುವುದು, ಹೇಗೆ ಮಾಡಬೇಕು ಅಂತ ತಾನೇ ತೀರ್ಮಾನಿಸುವುದು, ಮಾಡಿದ್ದು ಸರಿಯಾಯಿತಾ ಅಂತ ಕೆಲಸದಿಂದಲೇ ಗೊತ್ತಾಗುವುದು. ಇದನ್ನು ಓದುತ್ತಾ ನನ್ನ ಕೆಲಸವನ್ನು ಪಕ್ಕದಲ್ಲಿ ಇಟ್ಟು ನೋಡಿದೆ. ನಾನು ಮಾಡೋದು ಯಾವುದೋ ದೇಶದ ಯಾವುದೋ ವಿಮಾ ಕಂಪನಿಯ ಸಾಫ್ಟ್‌ವೇರ್‌ನ ಒಂದು ಮೂಲೆ. ಅದನ್ನು ಬಳಸುವವರ ಮುಖ ನೋಡಿಲ್ಲ. ಏನು ಮಾಡಬೇಕು ಅಂತ ಟಿಕೆಟ್‌ನಲ್ಲಿ ಬರೆದಿರುತ್ತೆ, ಎಷ್ಟು ದಿನದಲ್ಲಿ ಅಂತ ಸ್ಪ್ರಿಂಟ್ ಅನ್ನುವ ಕೆಲಸದ ಕಂತು ಹೇಳುತ್ತೆ, ಚೆನ್ನಾಗಿ ಮಾಡಿದೆನಾ ಅಂತ ವರ್ಷಕ್ಕೊಮ್ಮೆ ಮ್ಯಾನೇಜರ್ ಹೇಳುತ್ತಾರೆ. ಮಡಕೆ ಮಾಡುವವರಿಗೆ ಸಂಜೆ ಹೊತ್ತಿಗೆ ಸಾಲಾಗಿ ಮಡಕೆ ಕಾಣುತ್ತೆ. ನನಗೆ ಬೋರ್ಡಿನಲ್ಲಿ ಎಡಗಡೆಯಿಂದ ಬಲಗಡೆಗೆ ಸರಿದ ನಾಲ್ಕು ಚೀಟಿ ಕಾಣುತ್ತೆ.

ಈಗ ಆ ‘ನಂ’ ವಿಷಯಕ್ಕೆ ಬರೋಣ. ಮೃದಂಗದ ಬಲಗಡೆ ಮಧ್ಯದಲ್ಲಿ ಕಪ್ಪಗೆ ದುಂಡಗೆ ಇರುತ್ತಲ್ಲ, ಅದು ಕರಣೆ. ಉಂಗುರದ ಬೆರಳು ಅದರ ಅಂಚಿನಲ್ಲಿ ಸುಮ್ನೆ ತಾಗಿಕೊಂಡಿರಬೇಕು, ತೋರುಬೆರಳು ಆಚೆ ಅಂಚಿನ ಚರ್ಮಕ್ಕೆ ಬಿದ್ದು ತಕ್ಷಣ ಏಳಬೇಕು. ಉಂಗುರದ ಬೆರಳು ಚೂರು ಜಾಸ್ತಿ ಒತ್ತಿದರೆ ನಾದ ಸತ್ತಿತು. ತೋರುಬೆರಳು ಅಂಟಿಕೊಂಡರೆ ಡಬ್. ಎರಡೂ ಸರಿಹೋದರೆ ಗಂಟೆ ಬಾರಿಸಿದ ಹಾಗೆ ಸ್ವರ ನಿಲ್ಲುತ್ತೆ. ಸರಿಯೋ ತಪ್ಪೋ ಅಂತ ಅರ್ಧ ಸೆಕೆಂಡಿನಲ್ಲಿ ನನ್ನ ಕಿವಿಗೇ ಗೊತ್ತಾಗುತ್ತೆ, ಯಾರ ರಿವ್ಯೂಗೂ ಕಾಯಬೇಕಿಲ್ಲ. ನೂರು ಸಲ ತಪ್ಪಿ ನೂರಾ ಒಂದನೇ ಸಲ ಸರಿಯಾಗಿ ಬಂದಾಗ ಆಗುವ ಸಂತೋಷಕ್ಕೆ ಹ್ಯಾಕ್‌ಮನ್ ಬೇಕಾಗಿಲ್ಲ, ಆದರೆ ಅವರು ಹೇಳಿದ್ದು ಇದನ್ನೇ.

ಇಲ್ಲೊಂದು ಅಡ್ಡಮಾತು. ಆ ಸ್ವರ ಯಾಕೆ ನಿಲ್ಲುತ್ತೆ ಅಂತ ವಿಜ್ಞಾನದ ಕಣ್ಣಿನಿಂದ ಹುಡುಕಿದವರು ಸಿ.ವಿ. ರಾಮನ್. ಮಾಮೂಲಿ ಡ್ರಮ್ಮಿನ ಚರ್ಮ ಬಡಿದರೆ ಹೊರಡುವ ಕಂಪನಗಳು ಒಂದಕ್ಕೊಂದು ಹೊಂದುವುದಿಲ್ಲ. ಮೊದಲನೆಯದು 1 ಆದರೆ ಮುಂದಿನವು 1.59, 2.14, ಹೀಗೆ ಅಡ್ಡಾದಿಡ್ಡಿ, ಅದಕ್ಕೇ ಅದು ಬರೀ ಸದ್ದು. ಕರಣೆಯ ತೂಕ ಮಧ್ಯದಲ್ಲಿ ಕೂತಾಗ ಆ ಕಂಪನಗಳು 1, 2, 3, 4 ಅನ್ನುವ ಲೆಕ್ಕಕ್ಕೆ ಹತ್ತಿರ ಬಂದು ತಂತಿವಾದ್ಯದ ಹಾಗೆ ಸ್ವರವಾಗುತ್ತವೆ. 1920ರಲ್ಲಿ ಅವರೂ ಶಿವಕಾಳಿ ಕುಮಾರ್ ಅವರೂ ಸೇರಿ ಇದರ ಬಗ್ಗೆ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಆದರೆ ನನಗೆ ಇಷ್ಟವಾಗೋದು ಅದಕ್ಕೂ ಮೊದಲಿನ ಕಥೆ. 1907ರಿಂದ ಹತ್ತು ವರ್ಷ ರಾಮನ್ ಸರ್ಕಾರದ ಹಣಕಾಸು ಇಲಾಖೆಯಲ್ಲಿ ಅಧಿಕಾರಿ. ಹಗಲೆಲ್ಲ ಲೆಕ್ಕಪತ್ರ. ಕಲ್ಕತ್ತೆಯ ಬೌಬಜಾರ್ ರಸ್ತೆಯಲ್ಲಿದ್ದ ವಿಜ್ಞಾನ ಸಂಸ್ಥೆಗೆ ಬೆಳಿಗ್ಗೆ ಆಫೀಸಿಗೆ ಮುಂಚೆ, ಸಂಜೆ ಆಫೀಸು ಮುಗಿದ ಮೇಲೆ ಹೋಗಿ ಪ್ರಯೋಗ ಮಾಡುತ್ತಿದ್ದರು. 1917ರಲ್ಲಿ ಕಡಿಮೆ ಸಂಬಳಕ್ಕೆ ಒಪ್ಪಿ ಪ್ರೊಫೆಸರ್ ಆದರು. 1930ರಲ್ಲಿ ನೊಬೆಲ್. 1933ರಲ್ಲಿ ನಮ್ಮ ಬೆಂಗಳೂರಿಗೆ ಬಂದರು, ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ. ಇದನ್ನು ಕೇಳಿ ನಾಳೆ ರಾಜೀನಾಮೆ ಬರೆಯಬೇಡಿ. ಹೋಂ ಲೋನ್ ಇರುವ ನಾವೆಲ್ಲ ಆಫೀಸಿನ ಆ ಹತ್ತು ವರ್ಷ ನೋಡಿಕೊಂಡರೆ ಸಾಕು.

ಸರಿ, ಆ ಒಂದು ಗಂಟೆ ಆಫೀಸು ಮರೆತುಹೋಗುತ್ತಲ್ಲ, ಅದಕ್ಕೂ ಬೆಲೆ ಇದೆ. ಜರ್ಮನಿಯ ಸಂಶೋಧಕಿ ಸಬೀನ್ ಸೊನೆನ್‌ಟಾಗ್ ಕೆಲಸದ ದಣಿವು ಹೇಗೆ ಇಳಿಯುತ್ತೆ ಅನ್ನೋದನ್ನೇ ವರ್ಷಾನುಗಟ್ಟಲೆ ಅಧ್ಯಯನ ಮಾಡಿದವರು. ಶಾರ್ಲಟ್ ಫ್ರಿಟ್ಸ್ ಜೊತೆ 2007ರಲ್ಲಿ ಅವರು ಇದನ್ನು ನಾಲ್ಕು ಅನುಭವಗಳಾಗಿ ಬಿಡಿಸಿದರು: ಮನಸ್ಸು ಕೆಲಸದಿಂದ ಪೂರ್ತಿ ಬಿಡಿಸಿಕೊಳ್ಳುವುದು, ವಿಶ್ರಾಂತಿ, ಹೊಸದೇನನ್ನೋ ಕಲಿತು ಪಳಗುವುದು, ಮತ್ತು ಈ ಹೊತ್ತು ನನ್ನದು ಅನ್ನುವ ಹಿಡಿತ. ಇದರಲ್ಲಿ ಮೊದಲನೆಯದು ಐಟಿಯವರಿಗೆ ತುಂಬಾ ಕಷ್ಟ. ಗಾರೆ ಕೆಲಸದವರು ಕರಣೆ ತೊಳೆದಿಟ್ಟರೆ (ಇದು ಬೇರೆ ಕರಣೆ) ಅವತ್ತಿನ ಕೆಲಸ ಮುಗಿಯಿತು. ನಮ್ಮ ಕೆಲಸ ಜೇಬಿನಲ್ಲಿ ಕೂತು ಟಿಂಗ್ ಅನ್ನುತ್ತೆ. ಟಿಂಗ್ ಅನ್ನದಿದ್ದರೂ ಅರ್ಧಕ್ಕೆ ಬಿಟ್ಟ ಬಗ್ ತಲೆಯಲ್ಲಿ ಸುತ್ತುತ್ತಾ ಇರುತ್ತೆ, ಸ್ನಾನ ಮಾಡುವಾಗ, ಹೆಂಡತಿ ಏನೋ ಹೇಳುತ್ತಿರುವಾಗ. ಇದಕ್ಕೆ 2011ರಲ್ಲಿ ಮಾಸಿಕಾಂಪೊ ಮತ್ತು ಬಾಮೈಸ್ಟರ್ ಮಾಡಿದ ಪ್ರಯೋಗಗಳಲ್ಲಿ ಒಂದು ಸಣ್ಣ ಉಪಾಯ ಸಿಗುತ್ತೆ. ಮುಗಿಯದ ಕೆಲಸ ತಲೆ ತಿನ್ನೋದು ನಿಲ್ಲಬೇಕಾದರೆ ಅದು ಮುಗಿಯಲೇಬೇಕು ಅಂತಿಲ್ಲ, ಯಾವಾಗ ಹೇಗೆ ಮಾಡುತ್ತೇನೆ ಅಂತ ಸ್ಪಷ್ಟವಾಗಿ ಗೊತ್ತುಮಾಡಿಕೊಂಡರೂ ಸಾಕು. ನಾನೀಗ ಲ್ಯಾಪ್‌ಟಾಪ್ ಮುಚ್ಚುವ ಮೊದಲು ಎರಡು ಸಾಲು ಬರೆದಿಡುತ್ತೇನೆ: ಸೋಮವಾರ ಮೊದಲು ಈ ಲಾಗ್ ನೋಡಬೇಕು, ಆಮೇಲೆ ಇವರನ್ನು ಕೇಳಬೇಕು. ಫೋನು ಚಪ್ಪಲಿ ಸ್ಟ್ಯಾಂಡಿನ ಹತ್ತಿರ, ಬ್ಯಾಗಿನೊಳಗೆ. ಮೇಷ್ಟ್ರ ರೂಲು.

ದಣಿವಾದರೆ ಸುಮ್ನೆ ಬಿದ್ದುಕೊಂಡು ರೀಲ್ಸ್ ನೋಡಬಹುದಲ್ಲ ಅಂತೀರಾ? ನೋಡಬಹುದು, ನಾನೂ ನೋಡುತ್ತೇನೆ. ಆದರೆ 1989ರ ಒಂದು ಅಧ್ಯಯನ ಇದೆ. ಚಿಕ್ಸೆಂಟ್‌ಮಿಹಾಯಿ ಮತ್ತು ಲೆಫೆವರ್ ಅನ್ನುವವರು 78 ಉದ್ಯೋಗಿಗಳಿಗೆ ಒಂದು ವಾರ ಪೇಜರ್ ಕೊಟ್ಟರು. ಅದು ಕೂಗಿದಾಗೆಲ್ಲ ಈಗ ಏನು ಮಾಡುತ್ತಿದ್ದೀರಿ, ಹೇಗನ್ನಿಸುತ್ತಿದೆ ಅಂತ ಬರೆಯಬೇಕು. ಸವಾಲೂ ದೊಡ್ಡದು, ಅದಕ್ಕೆ ತಕ್ಕ ಕೌಶಲವೂ ಇದೆ, ಅದರಲ್ಲೇ ಮುಳುಗಿಹೋಗಿದ್ದೇವೆ ಅನ್ನುವಂಥ ಗಳಿಗೆಗಳು ಬಿಡುವಿಗಿಂತ ಕೆಲಸದ ಹೊತ್ತಿನಲ್ಲೇ ಜಾಸ್ತಿ ಸಿಕ್ಕವು! ತಮಾಷೆ ಏನಂದರೆ, ಅದೇ ಜನ ಕೆಲಸದಲ್ಲಿದ್ದಾಗ ಬೇರೇನಾದರೂ ಮಾಡುತ್ತಿದ್ದರೆ ಚೆನ್ನಾಗಿತ್ತು ಅಂತಲೂ ಬರೆದರು. ಬಿಡುವಿನಲ್ಲಿ ಟಿವಿ ಮುಂದೆ ಕೂತಾಗ ಸವಾಲೂ ಇರಲಿಲ್ಲ, ಮುಳುಗುವುದೂ ಇರಲಿಲ್ಲ. ಬಿಡುವು ಬೇಕು ಅಂತ ಹಂಬಲಿಸಿ, ಸಿಕ್ಕ ಬಿಡುವನ್ನು ಏನು ಮಾಡೋದು ಅಂತ ತಿಳಿಯದೆ ಕೂರೋದು ನಮ್ಮ ಕಾಲದಲ್ಲಿ ಶುರುವಾದದ್ದಲ್ಲ.

ಹಾಗಾದರೆ ಯಾವ ಹವ್ಯಾಸ? ಇಲ್ಲಿ ನನ್ನ ಟೀಮಿನ ಒಬ್ಬ ಹುಡುಗ ನೆನಪಾಗುತ್ತಾನೆ. ವಾರವೆಲ್ಲ ಕೋಡ್, ಶನಿವಾರ ಭಾನುವಾರ ಮನೆಯಲ್ಲಿ ತನ್ನದೇ ಆ್ಯಪ್, ನಡುವೆ ಸರ್ಟಿಫಿಕೇಷನ್. "ಇದೇ ನನ್ನ ಹಾಬಿ ಸರ್" ಅಂತಾನೆ. ಸೋಮವಾರ ಬರುವಾಗ ಶುಕ್ರವಾರ ಹೋದದ್ದಕ್ಕಿಂತ ಸುಸ್ತಾಗಿರುತ್ತಾನೆ. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು 129 ಹವ್ಯಾಸಿಗಳನ್ನು ಏಳು ತಿಂಗಳು ಹಿಂಬಾಲಿಸಿ 2020ರಲ್ಲಿ ಇದರ ಬಗ್ಗೆ ಬರೆದರು. ಹವ್ಯಾಸ ಕೆಲಸಕ್ಕಿಂತ ತೀರಾ ಬೇರೆಯಾಗಿದ್ದು, ಅದನ್ನು ಮನಸ್ಸಿಟ್ಟು ಮಾಡುವವರಾಗಿದ್ದರೆ, ಅದಕ್ಕೆ ಹೆಚ್ಚು ಸಮಯ ಕೊಟ್ಟ ತಿಂಗಳಲ್ಲಿ ಕೆಲಸದ ಮೇಲಿನ ಆತ್ಮವಿಶ್ವಾಸವೂ ಏರುತ್ತಿತ್ತು. ಹವ್ಯಾಸವೂ ಕೆಲಸದ ಹಾಗೇ ಇದ್ದು, ಅದರ ಮೇಲೂ ಅಷ್ಟೇ ಮುತುವರ್ಜಿ ಇದ್ದರೆ ಆತ್ಮವಿಶ್ವಾಸ ಇಳಿಯುತ್ತಿತ್ತು. ಕೆಲಸದಂಥದ್ದೇ ಹವ್ಯಾಸವಾದರೆ ಅದನ್ನು ಹಗುರಾಗಿ ಇಟ್ಟುಕೊಳ್ಳಬೇಕು. ಒಂದೇ ಬಾವಿಯಿಂದ ಎರಡು ಹೊತ್ತೂ ನೀರು ಸೇದಿದರೆ ಬಾವಿಗೆ ಊಟೆ ಬರೋದು ಯಾವಾಗ?

ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಹುಟ್ಟಿದ್ದೇ ಹವ್ಯಾಸವಾಗಿ ಅಲ್ವಾ ಅಂತ ಆ ಹುಡುಗ ವಾದ ಮಾಡಿದ. ಹೌದು, 1991ರ ಆಗಸ್ಟ್‌ನಲ್ಲಿ ಅದರ ಕರ್ತೃ ಲಿನಸ್ ಟೊರ್ವಾಲ್ಡ್ಸ್ ಅದನ್ನು ಬರೀ ಹವ್ಯಾಸ ಅಂತಲೇ ಹೇಳಿಕೊಂಡಿದ್ದರು. ಆದರೆ ಆಗ ಅವರು ವಿದ್ಯಾರ್ಥಿ, ದಿನಾ ಬೆಳಿಗ್ಗೆ ನಿಂತು ಲೆಕ್ಕ ಒಪ್ಪಿಸುವ ಸ್ಟ್ಯಾಂಡ್‌ಅಪ್ ಮೀಟಿಂಗ್ ಇರಲಿಲ್ಲ. ಲಿನಕ್ಸೇ ಉದ್ಯೋಗವಾದ ಮೇಲೆ ಅವರು ಸಮುದ್ರಕ್ಕೆ ಧುಮುಕಿದರು, ನಿಜವಾಗಿಯೇ, ಸ್ಕೂಬಾ ಡೈವಿಂಗ್. (ಅಲ್ಲೂ ಸುಮ್ಮನಿರದೆ ಡೈವಿಂಗ್ ಲೆಕ್ಕ ಇಡೋಕೆ ಒಂದು ಸಾಫ್ಟ್‌ವೇರ್ ಬರೆದರು ಅನ್ನೋದು ಬೇರೆ ಮಾತು.) ಕಂಪ್ಯೂಟರ್ ವಿಜ್ಞಾನದ ಹಿರಿಯ ಡೊನಾಲ್ಡ್ ಕನೂತ್ ಮನೆಯಲ್ಲಿ ಪೈಪ್ ಆರ್ಗನ್ ಇಟ್ಟುಕೊಂಡು ನುಡಿಸುತ್ತಾರೆ. 2018ರಲ್ಲಿ ಎಂಬತ್ತು ತುಂಬಿದಾಗ ಅವರೇ ಕೂಡಿಸಿದ ಸಂಗೀತದ ಕಛೇರಿ ಸ್ವೀಡನ್ನಿನಲ್ಲಿ ನಡೆಯಿತು.

ನಾನು ಮೃದಂಗ ಕಲಿಯುತ್ತಿದ್ದೇನೆ ಅಂತ ಆಫೀಸಿನಲ್ಲಿ ಗೊತ್ತಾದ ದಿನವೇ ಒಬ್ಬರು "ಚಾನೆಲ್ ಮಾಡಿ ಬಾಸ್" ಅಂದರು. ಇನ್ನೊಬ್ಬರು ಆನ್ಯುವಲ್ ಡೇಗೆ ಹೆಸರು ಬರೆದುಕೊಂಡರು. ಬೇಡ ಅಂದೆ. 1973ರಲ್ಲಿ ಸ್ಟಾನ್‌ಫರ್ಡ್‌ನ ಶಿಶುವಿಹಾರದಲ್ಲಿ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬಿಡಿಸೋದು ಇಷ್ಟ ಇರುವ ಮಕ್ಕಳನ್ನು ಆರಿಸಿ, ಕೆಲವರಿಗೆ ಮಾತ್ರ ಚಿತ್ರ ಬಿಡಿಸಿದರೆ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಮೊದಲೇ ಆಸೆ ತೋರಿಸಿದರು. ಸರ್ಟಿಫಿಕೇಟ್ ಕೊಟ್ಟಿದ್ದೂ ಆಯಿತು. ಒಂದೆರಡು ವಾರ ಬಿಟ್ಟು ನೋಡಿದರೆ ಆ ಮಕ್ಕಳು ಉಳಿದವರಿಗಿಂತ ಅರ್ಧದಷ್ಟು ಹೊತ್ತು ಮಾತ್ರ ಬಣ್ಣದ ಪೆನ್ನು ಹಿಡಿದರು. ಆಟ ಹೋಗಿ ಕೂಲಿಯಾಗಿತ್ತು. ಲೈಕು, ವ್ಯೂಸು ಬಂದಮೇಲೆ ನನ್ನ ‘ನಂ’ ಗತಿಯೂ ಅದೇ ಆಗಬಹುದು ಅನ್ನುವ ಭಯ ನನಗಿದೆ. ಇನ್ನೂ ಡಬ್ ಅನ್ನುತ್ತಿರುವಾಗ ಚಾನೆಲ್ ನೋಡೋರಾದರೂ ಯಾರು, ಅದೂ ಇದೆ ಬಿಡಿ.

ಇಷ್ಟೆಲ್ಲ ಕೊರೆದದ್ದನ್ನು ಊಟದ ಹೊತ್ತಲ್ಲಿ ಒಬ್ಬ ಸಹೋದ್ಯೋಗಿಗೆ ಹೇಳಿದೆ. ಇಬ್ಬರು ಮಕ್ಕಳ ತಾಯಿ, ನನಗಿಂತ ಒಳ್ಳೆಯ ಇಂಜಿನಿಯರ್. "ನಿಮ್ಮ ಶನಿವಾರ ಏಳೂವರೆಗೆ ಮನೆಯಲ್ಲಿ ತಿಂಡಿ ಯಾರು ಮಾಡ್ತಾರೆ?" ಅಂತ ಒಂದೇ ಮಾತು ಕೇಳಿದರು. ನನ್ನ ಹತ್ತಿರ ಉತ್ತರ ಇತ್ತು, ಹೇಳೋಕೆ ನಾಚಿಕೆಯಾಯಿತು. ನಮ್ಮ ದೇಶದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಅದಕ್ಕೆ ಕೊಡುವ ಹೊತ್ತು 299 ನಿಮಿಷ, ಗಂಡಸರದ್ದು 97 ನಿಮಿಷ. ಹವ್ಯಾಸಕ್ಕೆ ಮೊದಲು ಬೇಕಾಗೋದು ಆಸಕ್ತಿ ಅಲ್ಲ, ಬೇರೆಯವರು ಬಿಟ್ಟುಕೊಟ್ಟ ಹೊತ್ತು. ಆ ವಾರದಿಂದ ಶನಿವಾರದ ಉಪ್ಪಿಟ್ಟು ಆರೂಕಾಲಿಗೆ ನಾನೇ ಮಾಡುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಹೆಂಡತಿ ಈಜೋಕೆ ಹೋಗುತ್ತಾಳೆ.

ಕೆಲಸವೇ ಕೆಟ್ಟದಾಗಿದ್ದರೆ ಮೃದಂಗ ಅದನ್ನು ರಿಪೇರಿ ಮಾಡೋದಿಲ್ಲ, ಅದೂ ಗೊತ್ತಾಗಿದೆ. ಒತ್ತಡ ವಿಪರೀತ ಇದ್ದಾಗಲೇ ಮನಸ್ಸು ಬಿಡಿಸಿಕೊಳ್ಳೋದೂ ಕಷ್ಟ, ಅಂದರೆ ವಿಶ್ರಾಂತಿ ತುಂಬಾ ಬೇಕಾದವರಿಗೇ ಅದು ದಕ್ಕುವುದಿಲ್ಲ ಅಂತ ಸೊನೆನ್‌ಟಾಗ್ ಅವರೇ ಬರೆದಿದ್ದಾರೆ. ಹಿಂದೊಂದು ಕಡೆ ಕೆಲಸ ಮಾಡುವಾಗ ದಿನಾ ರಾತ್ರಿ ಹತ್ತಕ್ಕೆ ಕಾಲ್, ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಕಾಲ್. ಆಗ ಕೊಂಡ ಕೊಳಲು ಈಗಲೂ ಅಟ್ಟದ ಮೇಲೆ ಚೀಲದಲ್ಲಿದೆ. ಅಲ್ಲಿ ಬೇಕಾಗಿದ್ದದ್ದು ಕೊಳಲಲ್ಲ, ನೋಟಿಸ್ ಪಿರಿಯಡ್.

ಸದ್ಯಕ್ಕೆ ಒಂದನೇ ಕಾಲ, ಅಂದರೆ ನಿಧಾನದ ವೇಗ, ಬರುತ್ತಿದೆ, ಎರಡನೆಯದರಲ್ಲಿ ಎಡಗೈ ಹಿಂದೆ ಬೀಳುತ್ತೆ, ಮೂರನೇ ಕಾಲದ ಮಾತು ಬೇಡ. ಎಂಟು ವರ್ಷದ ಸೀನಿಯರ್ ಮುಂದಿನ ಪಾಠಕ್ಕೆ ಹೋಗಿಯಾಗಿದೆ. ‘ತೊಂ’ ದಪ್ಪಗೆ ಬರಬೇಕಾದರೆ ಎಡಗಡೆಯ ಚರ್ಮಕ್ಕೆ ರವೆ ಕಲಸಿ ಮೆತ್ತಬೇಕು, ನೀರು ಜಾಸ್ತಿಯಾದರೆ ಜಾರುತ್ತೆ, ಕಡಿಮೆಯಾದರೆ ಉದುರುತ್ತೆ. ಈ ಶನಿವಾರ ಎಲ್ಲರ ಮೃದಂಗಕ್ಕೂ ರವೆ ಕಲಸುವ ಸರದಿ ನನ್ನದು. ಉಪ್ಪಿಟ್ಟಿನ ಡಬ್ಬದಿಂದಲೇ ಒಂದು ಹಿಡಿ ತೆಗೆದಿಟ್ಟಿದ್ದೇನೆ.