ಬಟ್ಟೆ ಮೇಲೆ ಬಿದ್ದ ಬೂದಿ ರಿಪೋರ್ಟಲ್ಲಿ ಯಾಕಿಲ್ಲ

"ಗಾಳಿ ಚೆನ್ನಾಗಿದೆ ಅಂತ ರಿಪೋರ್ಟ್ ಕೊಡ್ತೀರಿ, ಹಾಗಾದ್ರೆ ಒಣಗಾಕಿದ್ ಬಟ್ಟೆ ಮೇಲೆ ಈ ಕರಿ ಎಲ್ಲಿಂದ ಬಂತು ಮಾರಾಯ್ರೆ?" ಶಿವಮೊಗ್ಗದ ಹತ್ರ ರೈಸ್ ಮಿಲ್ ಪಕ್ಕದ ಮನೆಯಮ್ಮ ಒಬ್ರು ಬಿಳಿ ಪಂಚೆ ತಂದು ತೋರಿಸಿ ಕೇಳಿದ್ದು. ಗಾಳಿ ಸ್ಯಾಂಪಲ್ ತೆಗೆಯೋದೇ ನನ್ ಕೆಲಸ, ಅವ್ರ ಪ್ರಶ್ನೆ ಸರಿಯಾಗೇ ಇದೆ.

ನಮ್ ಮಷಿನ್ ಗಾಳಿ ಎಳ್ಕೊಂಡಾಗ ಒಳಗಿನ ಸೈಕ್ಲೋನ್ (ಗಾಳೀನ ಗಿರಗಿರ ಸುತ್ತಿಸೋ ಕೊಳವೆ) 10 ಮೈಕ್ರಾನ್‌ಗಿಂತ ಅಂದ್ರೆ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ, ದಪ್ಪ ಕಣಾನ ಕೆಳಗಿನ ಬಟ್ಟಲಿಗೆ ಬೀಳಿಸುತ್ತೆ, ಸಣ್ಣದಷ್ಟೇ ಫಿಲ್ಟರ್ ಪೇಪರ್ ಮೇಲೆ ಕೂರುತ್ತೆ. ಅದನ್ನ ತೂಗಿದ್ರೆ ಸಿಗೋದೇ ಪಿಎಂ 10, ಅಂದ್ರೆ ಗಾಳೀಲಿರೋ ಸಣ್ಣ ಕಣದ ಲೆಕ್ಕ. ಇದಕ್ಕೆ 24 ಗಂಟೆ ಲಿಮಿಟ್ ಒಂದು ಘನ ಮೀಟರಿಗೆ 100 ಮೈಕ್ರೋಗ್ರಾಂ, ವರ್ಷದ ಸರಾಸರಿಗೆ 60. ಹೊಟ್ಟು ಉರಿಸೋ ಬಾಯ್ಲರಿಂದ ಹಾರಿ ಬಟ್ಟೆ ಮೇಲೆ ಕಣ್ಣಿಗೆ ಕಾಣೋ ಹಾಗೆ ಬೀಳೋ ಬೂದಿ ದಪ್ಪದ್ದು, ಅದು ಆ ಬಟ್ಟಲಲ್ಲೇ ಉಳಿಯುತ್ತೆ. ಮೊದ್ಲು ಒಟ್ಟು ಧೂಳಿಗೂ ಒಂದು ಮಿತಿ ಇತ್ತು, 2009ರ ಮಾನದಂಡದಲ್ಲಿ ಅದನ್ನ ತೆಗೆದ್ರು. ಶ್ವಾಸಕೋಶಕ್ಕೆ ಇಳಿಯೋದು ಸಣ್ಣ ಕಣ ಅನ್ನೋದು ನಿಜ, ಆದ್ರೆ ದಪ್ಪ ಬೂದಿಯಲ್ಲಿ ಬದುಕೋರ ಕಷ್ಟ ಆ ಲೆಕ್ಕದಿಂದ ಹೊರಗೆ ಹೋಯ್ತು ಅಂತ ನಂಗನ್ಸುತ್ತೆ.

ಮಳೆಗಾಲದಲ್ಲಿ ಇನ್ನೊಂದು ತಾಪತ್ರಯ, ಮಲೆನಾಡಿನ ಥಂಡಿಗೆ ಪೇಪರೇ ನೀರು ಕುಡಿಯುತ್ತೆ. ಎಂಟು ಗಂಟೇಲಿ ಸುಮಾರು 530 ಘನ ಮೀಟರ್ ಗಾಳಿ ಹೋಗಿರುತ್ತೆ, 10 ಮಿಲಿಗ್ರಾಂ ತೇವ ಸೇರಿದ್ರೂ ಲೆಕ್ಕ ಘನ ಮೀಟರಿಗೆ 19 ಮೈಕ್ರೋಗ್ರಾಂ ಏರುತ್ತೆ, ಅದಕ್ಕೇ ಡೆಸಿಕೇಟರಲ್ಲಿ (ತೇವ ಹೀರೋ ಮುಚ್ಚಿದ ಡಬ್ಬೀಲಿ) ಒಂದು ದಿನ ಇಟ್ಟು ಒಣಗಿಸ್ದೆ ತೂಗಬಾರ್ದು.

ಈ ದಪ್ಪ ಬೂದಿ ಲೆಕ್ಕಕ್ಕೆ ಸಿಗೋದು ಚಿಮಣೀಲಿ. 1981ರ ವಾಯು ಕಾಯ್ದೆ ಪ್ರಕಾರ ಮಿಲ್ ಕಟ್ಟೋಕೂ ನಡೆಸೋಕೂ ಮಾಲಿನ್ಯ ನಿಯಂತ್ರಣ ಮಂಡಳಿ ಕನ್ಸೆಂಟ್ (ಒಪ್ಪಿಗೆ ಪತ್ರ) ಬೇಕು, ಚಿಮಣಿ ತೂತಿಂದ ಪ್ರೋಬ್ (ಸ್ಯಾಂಪಲ್ ಎಳೆಯೋ ಕೊಳವೆ) ಹಾಕಿ ತೆಗೆಯೋ ಸ್ಯಾಂಪಲಲ್ಲಿ ದಪ್ಪದ್ದು ಸಣ್ಣದ್ದು ಎಲ್ಲಾ ಬರುತ್ತೆ. ಆದ್ರೆ ನಾವು ಹೋದ ದಿನ ಬಾಯ್ಲರ್ ಅರ್ಧ ಲೋಡಲ್ಲಿ ಉರೀತಿದ್ರೆ ಚಿಮಣಿ ಒಳ್ಳೇದೇ ಕಾಣುತ್ತೆ, ಹಾಗಾಗಿ ಎಷ್ಟು ಲೋಡಿತ್ತು ಅಂತ ರಿಪೋರ್ಟಲ್ಲಿ ಬರೀಲೇಬೇಕು, ನಾನಂತೂ ಬರೀತೀನಿ. ಮಿತಿ ಮೀರಿದ್ರೆ ನೋಟಿಸ್, ಅದಕ್ಕೂ ಬಗ್ಗದಿದ್ರೆ ಅದೇ ಕಾಯ್ದೆಯ 31ಎ ಸೆಕ್ಷನ್‌ನಲ್ಲಿ ಮುಚ್ಚಿಸೋ, ಕರೆಂಟ್ ತೆಗೆಸೋ ಅಧಿಕಾರ ಮಂಡಳಿಗಿದೆ.

ಅಡಿಕೆ ಸಿಪ್ಪೆ ರಾಶಿಗೆ ಬೆಂಕಿ ಇಟ್ರೆ ಮಾತ್ರ ಕನ್ಸೆಂಟೂ ಇಲ್ಲ, ಚಿಮಣೀನೂ ಇಲ್ಲ. ಆ ಹೊಗೆಯಲ್ಲಿ ಸಣ್ಣ ಕಣಾನೇ ಜಾಸ್ತಿ.

ಆ ಅಮ್ಮಂಗೆ ನಾ ಹೇಳಿದ್ದು ಇಷ್ಟು: ಬೂದಿ ಬಿದ್ದ ದಿನಾಂಕ, ಗಂಟೆ, ಗಾಳಿ ಯಾವ ಕಡೆಯಿಂದ ಬೀಸ್ತಿತ್ತು, ಇಷ್ಟನ್ನ ಒಂದು ನೋಟ್‌ಬುಕ್ಕಲ್ಲಿ ಬರ್ದಿಡಿ, ಫೋಟೋ ಜೊತೆ ಮಂಡಳಿಯ ಪ್ರಾದೇಶಿಕ ಕಚೇರಿಗೆ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ.