ಪೆರಿಯದ ಸುತ್ತೋಲೆಯೂ ಪಾರ್ತಿಸುಬ್ಬನೂ

2019ರ ಮಾರ್ಚಿನಲ್ಲಿ ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಿಂದ ಒಂದು ಸುತ್ತೋಲೆ ಹೊರಟಿತು. ಪಿಎಚ್‌ಡಿ ವಿಷಯಗಳು 'ರಾಷ್ಟ್ರೀಯ ಆದ್ಯತೆ'ಗೆ ಹೊಂದಬೇಕು. ಪ್ರತಿ ವಿಭಾಗವೂ ಅಂಥ ವಿಷಯಗಳ ಪಟ್ಟಿ ಮಾಡಿಡಬೇಕು. ಅಪ್ರಸ್ತುತ ಸಂಶೋಧನೆಗೆ ಉತ್ತೇಜನ ಬೇಡ. ದೆಹಲಿಯಲ್ಲಿ 2018ರ ಡಿಸೆಂಬರಿನಲ್ಲಿ ನಡೆದ ಕುಲಪತಿಗಳ ಸಭೆಯೇ ಇದರ ಮೂಲ. ಇಂಗ್ಲಿಷ್ ವಿಭಾಗದ ಅಧ್ಯಯನ ಮಂಡಳಿಯಲ್ಲಿದ್ದ ಮೀನಾ ಟಿ. ಪಿಳ್ಳೈ ಇದನ್ನು ವಿರೋಧಿಸಿ ರಾಜೀನಾಮೆ ಕೊಟ್ಟರು.

ಇದೇ ಜಿಲ್ಲೆಯ ಕುಂಬಳೆಯ ಹಳೆಯ ಕವಿ ಪಾರ್ತಿಸುಬ್ಬನ ಯಕ್ಷಗಾನ ಪ್ರಸಂಗ, ತುಳುವಿನ ಜನಪದ ಕಥನ ಹಾಡಾದ ಪಾಡ್ದನ, ಕೊರಗ ಬುಡಕಟ್ಟಿನವರ ಮಾತು. ಇವು ಆ ಪಟ್ಟಿಯಲ್ಲಿ ಎಷ್ಟನೆಯವು? ಬಹುಶಃ ಪಟ್ಟಿಯಲ್ಲೇ ಇರಲಿಕ್ಕಿಲ್ಲ, ಅಲ್ವಾ? ಮಂಜೇಶ್ವರದ ಗೋವಿಂದ ಪೈಗಳು ಪದವಿಯನ್ನೂ ಮುಗಿಸದೆ, ಮನೆಯಲ್ಲೇ ಕೂತು ಬೇಕಾದ್ದನ್ನು ಸಂಶೋಧಿಸಿದರು. ಈಗಿನ ಗಡಿನಾಡ ಹುಡುಗಿಗೆ ಆ ಅನುಕೂಲ ಇಲ್ಲ. ಅವಳಿಗೆ ಗೈಡ್ ಬೇಕು, ಫೆಲೋಶಿಪ್ ಬೇಕು, ವಿಷಯಕ್ಕೆ ಒಪ್ಪಿಗೆಯೂ ಬೇಕು.

ಈ ತಕರಾರು ಹಳೆಯದು. ವಿಶ್ವವಿದ್ಯಾಲಯ ಶಿಕ್ಷಣದ ಬಗ್ಗೆ ನೇಮಿಸಿದ್ದ 1948-49ರ ರಾಧಾಕೃಷ್ಣನ್ ಆಯೋಗ ಆಗಲೇ ಹೇಳಿತ್ತು: ದುಡ್ಡು ಕೊಡುವುದು ಸರ್ಕಾರದ ಹೊಣೆ, ಆದರೆ ಪಾಠದ ಮೇಲೆ ಹಿಡಿತ ಅದರ ಹಕ್ಕಲ್ಲ. ವಿಶ್ವವಿದ್ಯಾಲಯಗಳಿಗೆ ಅನುದಾನ ಕೊಟ್ಟು ನಿಯಮ ಮಾಡುವ ಯುಜಿಸಿಯ ಕಾಯ್ದೆ ಬಂದದ್ದು 1956ರಲ್ಲಿ, ಕಾಸರಗೋಡು ಕೇರಳಕ್ಕೆ ಸೇರಿದ ವರ್ಷವೇ.

ಹಿಡಿತಕ್ಕೆ ಸುಲಭದ ದಾರಿ ಕುಲಪತಿಯ ಕುರ್ಚಿ. ಕಾಸರಗೋಡಿನ ಕಾಲೇಜುಗಳು ಸೇರಿರುವ ಕಣ್ಣೂರು ವಿವಿ ಹುಟ್ಟಿದ್ದು 1996ರಲ್ಲಿ. ಅಲ್ಲಿನ ಕುಲಪತಿಯನ್ನು 2021ರಲ್ಲಿ ಮರುನೇಮಕ ಮಾಡಿದ್ದನ್ನು ಸುಪ್ರೀಂ ಕೋರ್ಟ್ 2023ರ ನವೆಂಬರ್ 30ರಂದು ರದ್ದು ಮಾಡಿತು. ಆದೇಶ ಕುಲಾಧಿಪತಿಯಾದ ರಾಜ್ಯಪಾಲರದ್ದು, ಆದರೆ ಅದರ ಹಿಂದೆ ರಾಜ್ಯ ಸರ್ಕಾರದ ಅನಗತ್ಯ ಕೈವಾಡ ಇತ್ತು ಎಂಬುದು ಕೋರ್ಟಿನ ಮಾತು. ಅದಕ್ಕೂ ಮೊದಲೇ, 2022ರ ಡಿಸೆಂಬರಿನಲ್ಲಿ, ರಾಜ್ಯಪಾಲರನ್ನು ಕುಲಾಧಿಪತಿ ಸ್ಥಾನದಿಂದ ಕೆಳಗಿಳಿಸುವ ಮಸೂದೆಯನ್ನು ಕೇರಳ ವಿಧಾನಸಭೆ ಪಾಸು ಮಾಡಿತ್ತು. ರಾಷ್ಟ್ರಪತಿಗಳ ಅಂಕಿತ ಸಿಗಲಿಲ್ಲ.

2025ರ ಜನವರಿಯಲ್ಲಿ ಯುಜಿಸಿಯ ಕರಡು ನಿಯಮ ಬಂತು. ಕುಲಪತಿಯನ್ನು ಆರಿಸುವ ಸಮಿತಿಯನ್ನು ಕುಲಾಧಿಪತಿಯೇ ರಚಿಸಬೇಕಂತೆ. ಕೇರಳ ವಿಧಾನಸಭೆ ಅದೇ ತಿಂಗಳು ಅದರ ವಿರುದ್ಧ ನಿರ್ಣಯ ಮಾಡಿತು.

ತಿರುವನಂತಪುರಕ್ಕೂ ದೆಹಲಿಗೂ ನಡೆದಿರುವ ಜಗಳವೆಲ್ಲ ಕುರ್ಚಿಯಲ್ಲಿ ಯಾರನ್ನು ಕೂರಿಸಬೇಕು ಎಂಬುದರ ಮೇಲೆ. ಪಾರ್ತಿಸುಬ್ಬನ ಮೇಲೆ ಪಿಎಚ್‌ಡಿ ಮಾಡುತ್ತೇನೆ ಎಂದು ಬಂದವಳ ಅರ್ಜಿಯ ಬಗ್ಗೆ ಎರಡೂ ಕಡೆಯಲ್ಲಿ ಜಾಸ್ತಿ ಮಾತಿಲ್ಲ.