ಶಾಫ್ಟ್ ಮೇಲಿನ ಕವರ್ ಬಿಚ್ಚಿದರೆ ತಪ್ಪೇನು?

ಪ್ರಶ್ನೆ: ಮೆಕ್ಕೆಜೋಳ ಒಕ್ಕುವ ಯಂತ್ರದ ಶಾಫ್ಟ್‌ಗೆ ಕವರ್ ಇದ್ದರೆ ಗ್ರೀಸ್ ಹಾಕುವುದು ಕಷ್ಟ, ಹೊತ್ತೂ ಹಾಳು. ಆಳುಗಳೆಲ್ಲ ಅನುಭವಸ್ಥರೇ ಆಗಿರುವಾಗ ಅದನ್ನು ಬಿಚ್ಚಿಟ್ಟರೆ ತಪ್ಪೇನು?
– ಜಗಳೂರು ತಾಲ್ಲೂಕಿನ ಓದುಗರು

ಉತ್ತರ: ದಾವಣಗೆರೆ ಸೀಮೆಯಲ್ಲಿ ತೆನೆ ಕಣಕ್ಕೆ ಬರುವ ಹೊತ್ತಿಗೆ ಪ್ರತಿ ವರ್ಷವೂ ಈ ಪ್ರಶ್ನೆ ಬರುತ್ತದೆ, ಬಿಚ್ಚಬೇಡಿ ಎಂದು ನಾನೂ ಪ್ರತಿ ವರ್ಷ ಬರೆಯುತ್ತೇನೆ. ‘ಹುಷಾರಾಗಿರುವವನಿಗೆ ಕವರ್ ಬೇಡ’ ಎಂಬ ನಂಬಿಕೆ ಬುದ್ಧಿಮಾತಿಗೆ ಬಗ್ಗದ ಕಾರಣ ಈ ಸಲ ಲೆಕ್ಕವನ್ನೇ ಮುಂದಿಡುತ್ತೇನೆ.

ಈ ಶಾಫ್ಟನ್ನು ತಿರುಗಿಸುವ ಟ್ರ್ಯಾಕ್ಟರಿನ ಪಿಟಿಒ (ಎಂಜಿನ್ನಿನ ಬಲವನ್ನು ಬೇರೆ ಯಂತ್ರಕ್ಕೆ ಕೊಡುವ, ತಿರುಗುವ ತುದಿ) ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಶಾಫ್ಟ್ 5 ಸೆಂ.ಮೀ. ದಪ್ಪವಿದ್ದರೆ ಅದು ಸೆಕೆಂಡಿಗೆ ಸುಮಾರು 1.4 ಮೀಟರ್ ಬಟ್ಟೆಯನ್ನು ಸುತ್ತಿಕೊಳ್ಳಬಲ್ಲದು. ಕಣ್ಣು ಕಂಡದ್ದಕ್ಕೆ ಕೈ ಅಲುಗಲು ಚುರುಕಿನ ಮನುಷ್ಯನಿಗೂ ಸೆಕೆಂಡಿನ ಐದನೇ ಒಂದು ಭಾಗ ಬೇಕು. ಅಷ್ಟರೊಳಗೆ ಸೆರಗಿನ ತುದಿಯೋ ಹೆಗಲ ಮೇಲಿನ ಟವೆಲ್ಲೋ ಗೇಣಿಗಿಂತ ಹೆಚ್ಚು ಸುತ್ತಿಕೊಂಡು ಬಿಗಿದಿರುತ್ತದೆ, ಮತ್ತು ಎಳೆಯುತ್ತಿರುವುದು ಹತ್ತಾರು ಅಶ್ವಶಕ್ತಿಯ ಎಂಜಿನ್ ಆದ್ದರಿಂದ ಬಟ್ಟೆ ಹರಿಯದಿದ್ದರೆ ಮೈಯೇ ಒಳಕ್ಕೆ ಹೋಗುತ್ತದೆ. ಇಲ್ಲಿ ಅನುಭವ ಏನು ಮಾಡೀತು? ಹೊಸಬ ಹೆದರಿ ದೂರ ನಿಲ್ಲುತ್ತಾನೆ, ಹಳಬ ಓಡುತ್ತಿರುವ ಶಾಫ್ಟನ್ನೇ ದಾಟಿ ಆಚೆಗೆ ಹೋಗುತ್ತಾನೆ. ಶಾಫ್ಟ್ ನುಣುಪಾಗಿದೆ, ಬಟ್ಟೆ ಹಿಡಿಯುವುದಿಲ್ಲ ಎನ್ನುವವರು ಜಾಯಿಂಟಿನ ಪಿನ್ನು, ಬೋಲ್ಟಿನ ತಲೆಗಳನ್ನು ಯಂತ್ರ ನಿಂತಿರುವಾಗ ಒಮ್ಮೆ ಬೆರಳಾಡಿಸಿ ನೋಡಲಿ.

ಗ್ರೀಸಿನ ದೂರು ಮಾತ್ರ ನ್ಯಾಯವಾದದ್ದು. ನಾಲ್ಕಾರು ಬೋಲ್ಟ್ ಬಿಚ್ಚಿಯೇ ಗ್ರೀಸ್ ಹಾಕಬೇಕಾದ ಕವರ್, ಸುಗ್ಗಿಯ ಅವಸರದಲ್ಲಿ ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಸೇರುವುದಿಲ್ಲ, ಅದು ವಿನ್ಯಾಸದ ದೋಷ. ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬುವ ಸಣ್ಣ ಬಾಯಿ) ಇರುವ ಕಡೆ ತೆರೆದು ಮುಚ್ಚುವ ಕೀಲಿನ ಮುಚ್ಚಳವಿಟ್ಟರೆ ಸುರಕ್ಷತೆಗೂ ವೇಗಕ್ಕೂ ಜಗಳವೇ ಇರದು. ಆದರೆ ಆ ಮುಚ್ಚಳಕ್ಕೆ ತಯಾರಕನಿಗೆ ಖರ್ಚಿದೆ; ಅಂಗಡಿಯಲ್ಲಿ ನಾವು ಚೌಕಾಸಿ ಮಾಡುವಾಗ ಮೊದಲು ಕೈಬಿಡುವುದೂ ಅದನ್ನೇ, ಏಕೆಂದರೆ ಅದಿಲ್ಲದೆಯೂ ಯಂತ್ರ ಅಷ್ಟೇ ಕಾಳು ಉದುರಿಸುತ್ತದೆ. ಕ್ವಿಂಟಲ್ ಲೆಕ್ಕದ ಬಾಡಿಗೆ ಯಂತ್ರಗಳಲ್ಲಿ ಈ ಒತ್ತಡ ಇನ್ನೂ ಹೆಚ್ಚು: ನಿಂತ ಪ್ರತಿ ನಿಮಿಷವೂ ಮಾಲೀಕನಿಗೆ ನಷ್ಟ, ಶಾಫ್ಟಿನ ಪಕ್ಕದಲ್ಲಿ ನಿಲ್ಲುವವರು ಮಾತ್ರ ನಿಮ್ಮ ಮನೆಯವರು. ಆದ್ದರಿಂದ ಬಾಡಿಗೆ ಮಾತಾಡುವಾಗಲೇ ಕವರ್ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಬೇರೆ ಯಂತ್ರ ಕರೆಸಿ. ಕೊಳ್ಳುವವರು, ಕವರ್ ಬಿಚ್ಚದೆ ಗ್ರೀಸ್ ಹಾಕಿ ತೋರಿಸುವಂತೆ ಅಂಗಡಿಯವರನ್ನೇ ಕೇಳಿರಿ. ಯಾವ ಯಂತ್ರವೇ ಆದರೂ ಗ್ರೀಸ್ ಹಾಕುವ ಮೊದಲು ಎಂಜಿನ್ ನಿಲ್ಲಿಸಿ, ಕೀ ನಿಮ್ಮ ಜೇಬಿನಲ್ಲಿರಲಿ.